ಫ್ರೇಮಣ್ಣನಿಗೊಂದು ಕೋಣೆ

ಸುಳ್ಳು ಹೇಳುವ ವಿದ್ಯೆಯಲ್ಲಿ ಫ್ರೇಮಣ್ಣ ಒಂದನೇ ತರಗತಿಯನ್ನೂ ದಾಟಿದವನಲ್ಲ. ಐವತ್ತೊಂಬತ್ತು ವರ್ಷಗಳಲ್ಲಿ ಅವನು ಹೇಳಿದ ಸುಳ್ಳುಗಳನ್ನೆಲ್ಲ ಸೇರಿಸಿದರೂ ಒಂದು ಬೆಂಕಿಪೊಟ್ಟಣ ತುಂಬುತ್ತಿರಲಿಲ್ಲ, ಮತ್ತು ಅವುಗಳಲ್ಲಿ ಒಂದೂ ಸಂಜೆಯತನಕ ಬಾಳಿದ್ದಿಲ್ಲ. ಗಿರಾಕಿಗಳಿಗೆ ‘ಗುರುವಾರ ಬನ್ನಿ, ರೆಡಿ ಇರುತ್ತೆ’ ಎನ್ನುವುದನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಫೋಟೋಗಳಿಗೆ ಕಟ್ಟು ಹಾಕುವವರ ಕಸುಬಿನಲ್ಲಿ ಅದು ನಮಸ್ಕಾರ ಎಂದ ಹಾಗೆ. ಇಂಥ ಮನುಷ್ಯ ಒಂದು ಸೋಮವಾರ ಬೆಳಿಗ್ಗೆ ಹೇಳಿದ ಒಂದೇ ಒಂದು ಸುಳ್ಳು ಮೂರು ವಾರ ಗಟ್ಟಿಯಾಗಿ ಬದುಕಿ ಇಡೀ ಬೀದಿಯನ್ನು ಕುಣಿಸಿತು ಎಂದರೆ, ಅದರ ಹಿಂದೆ ಅವನಿಗಿಂತ ಬುದ್ಧಿವಂತರ ಕೈವಾಡ ಇದ್ದಿರಲೇಬೇಕು.

ಬೀದಿಯ ತಿರುವಿನಲ್ಲಿ ಅವನ ಅಂಗಡಿ. ಗೋಡೆ ತುಂಬ ಕಟ್ಟು ಹಾಕುವ ಪಟ್ಟಿಗಳ ಮಾದರಿ, ಮೇಜಿನ ಮೇಲೆ ಗಾಜು ಕೊಯ್ಯುವ ವಜ್ರದ ಕಡ್ಡಿ, ಮೂಲೆಯಲ್ಲಿ ಬೇರೆಯವರ ಮದುವೆ, ಪದವಿ ಮತ್ತು ಅಜ್ಜಂದಿರು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಅಕ್ಕ.

ಅಕ್ಕ ಅವನಿಗಿಂತ ಹದಿನೈದು ವರ್ಷ ದೊಡ್ಡವಳು. ತಮ್ಮನಿಗೆ ನಾಲ್ಕು ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದರಿಂದ ಅವನ ಹಲ್ಲುಜ್ಜಿಸಿ, ತಲೆ ಬಾಚಿ, ಬೆನ್ನಿಗೆರಡು ಹಾಕಿ ದೊಡ್ಡವನನ್ನಾಗಿ ಮಾಡಿದವಳು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರ್ ಆಗಿದ್ದಳು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಅವಳ ಹೆಸರು ಕೇಳಿದರೆ ತರಕಾರಿಯವನ ಕೈ ತಾನಾಗಿ ಇನ್ನೊಂದು ಈರುಳ್ಳಿಯನ್ನು ತಕ್ಕಡಿಗೆ ಹಾಕುತ್ತದೆ. ಬೀದಿಯವರು ಅವಳನ್ನು ತಕ್ಕಡಿ ಮೇಡಂ ಎನ್ನುತ್ತಾರೆ, ಅವಳಿಗೆ ಕೇಳಿಸದಷ್ಟು ದೂರದಿಂದ.

ಹೋದ ವರ್ಷ ಈ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಜೋರೂ ಉಳಿಯಿತು, ಎಡಗಾಲು ಮಾತ್ರ ಕೈಕೊಟ್ಟಿತು. ವಾಕರ್ ಬಂತು. ಎರಡು ಸಲ ಬಿದ್ದಳು. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಇಂಜೆಕ್ಷನ್, ಹಿಮ್ಮಡಿಯಲ್ಲಿ ಎಷ್ಟು ದಿನವಾದರೂ ಮಾಯದ ಒಂದು ಗಾಯ. ಗಾಜಿನ ಮೇಲೆ ಕೂದಲೆಳೆಯಷ್ಟು ಗೆರೆ ಎಳೆಯಬಲ್ಲ ಫ್ರೇಮಣ್ಣನ ಕೈ ಸೂಜಿ ಹಿಡಿದರೆ ಜಾಗ ಹುಡುಕುತ್ತ ಮೂರು ಸಲ ಹಿಂದೆಮುಂದೆ ಹೋಗುತ್ತಿತ್ತು. ಆದರೂ ಅವನೇ ಚುಚ್ಚುತ್ತಿದ್ದ, ಅವನೇ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದ. ಸ್ನಾನಕ್ಕೆ ಮಾತ್ರ ಮಹಡಿಯ ಮೇಲಿನ ಮನೆಯ ಗೃಹಿಣಿ ಬಂದು ಕೈಹಿಡಿಯುತ್ತಿದ್ದಳು.

ಎರಡನೇ ಸಲ ಬಿದ್ದಾಗ ಡಾಕ್ಟರು ಫ್ರೇಮಣ್ಣನನ್ನು ಪಕ್ಕಕ್ಕೆ ಕರೆದು, ಇನ್ನು ಇದು ಒಬ್ಬರ ಕೈಲಾಗುವ ಕೆಲಸವಲ್ಲ, ಯಾವುದಾದರೂ ಆರೈಕೆ ಮನೆ ನೋಡಿ ಎಂದರು. ಅದರಲ್ಲಿ ಎರಡು ಬಗೆ ಎಂದೂ ಬಿಡಿಸಿ ಹೇಳಿದರು. ಫ್ರೇಮಣ್ಣ ಹೂಂ ಹೂಂ ಎಂದು ತಲೆಯಾಡಿಸಿದ. ಆಸ್ಪತ್ರೆಯ ಗೇಟು ದಾಟುವ ಹೊತ್ತಿಗೆ ಅವನಿಗೆ ನೆನಪಿದ್ದದ್ದು ‘ಎರಡು’ ಎನ್ನುವುದೊಂದೇ.

ಆದರೂ ಅಂಗಡಿಗೆ ಬೀಗ ಹಾಕಿ, ಪಟ್ಟಿ ತರುತ್ತೇನೆ ಎಂದು ಅಕ್ಕನಿಗೆ ಹೇಳಿ, ಊರಲ್ಲಿದ್ದ ಮೂರು ಮನೆಗಳನ್ನೂ ನೋಡಿ ಬಂದ. ನೋಡಿದ ಎನ್ನುವುದಕ್ಕಿಂತ ಅಳೆದ ಎನ್ನುವುದು ಸರಿ. ಗಾಬರಿಯಾದಾಗ ಕೆಲವರು ಉಗುರು ಕಚ್ಚುತ್ತಾರೆ, ಫ್ರೇಮಣ್ಣ ಟೇಪು ಬಿಚ್ಚುತ್ತಾನೆ. ನರ್ಸ್ ಎಷ್ಟು ಜನ, ಗಾಯ ನೋಡುವವರು ಯಾರು, ರಾತ್ರಿ ಯಾರಿರುತ್ತಾರೆ ಎಂಬ ಒಂದು ಪ್ರಶ್ನೆಯನ್ನೂ ಕೇಳದೆ, ಕಿಟಕಿ ನಲವತ್ತೆಂಟಕ್ಕೆ ಮೂವತ್ತಾರು, ಬಾಗಿಲು ಮೂವತ್ತನಾಲ್ಕು, ಮಂಚದ ಪಕ್ಕದ ಗೋಡೆ ಐದಡಿ ಎಂದು ಚೀಟಿಯಲ್ಲಿ ಬರೆದುಕೊಂಡು, ಮೂರೂ ಮನೆಗಳ ಬಣ್ಣದ ಪುಸ್ತಿಕೆಗಳನ್ನು ಕಂಕುಳಲ್ಲಿಟ್ಟುಕೊಂಡು ಹಿಂತಿರುಗಿದ. ಪುಸ್ತಿಕೆಗಳನ್ನು ಗಾಜಿನ ಹಾಳೆಗಳ ಕೆಳಗೆ ಬಚ್ಚಿಟ್ಟ. ಗಾಜು ಆಚೆಯದನ್ನು ತೋರಿಸುತ್ತದೆ ಎನ್ನುವುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ವಾಕರ್ ಟಕ್ ಟಕ್ ಎನ್ನುತ್ತ ಪರದೆ ಸರಿಸಿಕೊಂಡು ಬಂದ ಅಕ್ಕ ಮೇಜಿನ ಮುಂದೆ ನಿಂತಳು. ಗಾಜಿನ ಕೆಳಗಿಂದ ಬೆಳ್ಳಗಿನ ತಲೆಯ ದಂಪತಿಗಳು ಮೂರು ಸಾಲುಗಳಲ್ಲಿ ಅವಳನ್ನು ನೋಡಿ ನಗುತ್ತಿದ್ದರು.

“ಇದೇನಿದು?” ಎಂದಳು.

ಫ್ರೇಮಣ್ಣನ ಕೈ ಟೇಪು ಬಿಚ್ಚಿತು. ತನ್ನನ್ನು ಸಾಕಿದ ಅಕ್ಕನಿಗೆ ‘ನಿನ್ನನ್ನ ಇಟ್ಕೊಳ್ಳೋಕೆ ನನ್ನ ಕೈಲಾಗ್ತಿಲ್ಲ’ ಎಂದು ಹೇಳುವುದಕ್ಕಿಂತ ಆ ವಜ್ರದ ಕಡ್ಡಿಯನ್ನೇ ನುಂಗಿಬಿಡುವುದು ಸುಲಭ ಎನಿಸಿತು ಅವನಿಗೆ. ಬಾಯಿ ತಾನಾಗಿ ತೆರೆಯಿತು.

“ಅದು… ನನಗೆ, ಅಕ್ಕ. ಯಾಕೋ ಇತ್ತೀಚೆಗೆ ನನ್ನ ಕೈಲಿ ಏನೂ ಆಗ್ತಿಲ್ಲ. ಎಲ್ಲಾದ್ರೂ ಸೇರಿಕೊಳ್ಳೋಣ ಅಂತ.”

ಹೇಳಿದ ಮೇಲೆ ಅವನೇ ಬೆಚ್ಚಿಬಿದ್ದ. ಅಕ್ಕ ಅವನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು, ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವವರ ಹಾಗೆ. ಆಮೇಲೆ ಪುಸ್ತಿಕೆಗಳನ್ನು ತನ್ನ ಕೋಣೆಗೆ ತಂದಿಡಲು ಹೇಳಿ, ಕೆಂಪು ಪೆನ್ನು ಎಲ್ಲಿದೆ ಎಂದು ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಮೂರೂ ಪುಸ್ತಿಕೆಗಳು ಕೆಂಪಾಗಿದ್ದವು. ಡಾಕ್ಟರು ಹೇಳಿದಾಗ ತಲೆಗೆ ಹತ್ತದ್ದನ್ನು ಅಕ್ಕ ಊಟಕ್ಕೆ ಕೂರಿಸಿ ತಲೆಗೆ ಹತ್ತಿಸಿದಳು. ಮೊದಲನೇ ಬಗೆಯಲ್ಲಿ ಸಹಾಯಕರಿರುತ್ತಾರೆ. ಏಳಿಸುತ್ತಾರೆ, ಸ್ನಾನ ಮಾಡಿಸುತ್ತಾರೆ, ಊಟ ಕೊಡುತ್ತಾರೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸುತ್ತಾರೆ. ಡಾಕ್ಟರು, ನರ್ಸ್ ಬೇಕೆಂದರೆ ಹೊರಗಿನಿಂದ ಬರಬೇಕು. ಎರಡನೇ ಬಗೆಯಲ್ಲಿ ಇದೆಲ್ಲದರ ಜೊತೆಗೆ ಹಗಲೂ ರಾತ್ರಿ ನರ್ಸ್ ಅಲ್ಲೇ ಇರುತ್ತಾರೆ. ಗಾಯ, ಇಂಜೆಕ್ಷನ್, ಮೂಗಿಗೆ ಹಾಕಿದ ನಳಿಗೆ ಎಂದು ಇರುವವರಿಗೆ ಅದು.

“ನಿನಗೆ ಮೊದಲನೇದು ಸಾಕು. ನಿನಗಿರೋದು ಮರೆವು, ಗಾಬರಿ ಅಷ್ಟೇ. ಅದಕ್ಕೆ ಇಂಜೆಕ್ಷನ್ ಇನ್ನೂ ಯಾರೂ ಕಂಡುಹಿಡಿದಿಲ್ಲ” ಎಂದಳು ಅಕ್ಕ.

ಈ ಮಾತು ಸ್ನಾನಕ್ಕೆ ಕೈಹಿಡಿಯಲು ಬಂದ ಮೇಲ್ಮನೆಯಾಕೆಯ ಕಿವಿಗೆ ಬಿತ್ತು. ಅವಳು ಕೆಟ್ಟವಳಲ್ಲ. ಯಾವ ಸುದ್ದಿಯನ್ನೂ ತನ್ನೊಬ್ಬಳಲ್ಲೇ ಇಟ್ಟುಕೊಳ್ಳುವಷ್ಟು ಸ್ವಾರ್ಥಿ ಅಲ್ಲ, ಅಷ್ಟೇ. ಸಂಜೆಗೆ ಫ್ರೇಮಣ್ಣನಿಗೆ ಮರೆವಿನ ಕಾಯಿಲೆ, ಮರುದಿನ ಬೆಳಿಗ್ಗೆಗೆ ತಲೆಯಲ್ಲಿ ಗೆಡ್ಡೆ, ಬುಧವಾರದ ಹೊತ್ತಿಗೆ ಡಾಕ್ಟರು ಕೈಬಿಟ್ಟಿದ್ದಾರೆ ಎನ್ನುವತನಕ ಬೆಳೆಯಿತು. ಜನ ಅಂಗಡಿಗೆ ಬರತೊಡಗಿದರು. ಆರೇಳು ತಿಂಗಳಿಂದ ಮೂಲೆಯಲ್ಲಿ ಬಿದ್ದಿದ್ದ ಫೋಟೋಗಳ ಯಜಮಾನರಿಗೆಲ್ಲ ಒಮ್ಮೆಗೇ ನೆನಪು ಮರುಕಳಿಸಿತು. ಒಬ್ಬರು ತಮ್ಮ ಮಾವನ ಭಾವಚಿತ್ರವನ್ನು ಕಟ್ಟಿಲ್ಲದೆಯೇ ಸುರುಳಿ ಸುತ್ತಿಕೊಂಡು, “ಪರವಾಗಿಲ್ಲಪ್ಪ, ನೀನು ಆರೋಗ್ಯ ನೋಡ್ಕೋ” ಎಂದು ಕಣ್ಣೊರೆಸಿಕೊಂಡು ಹೋದರು. ತರಕಾರಿಯವನು ಹಣ್ಣಿನ ಬುಟ್ಟಿ ಕಳಿಸಿದ, ತೂಕ ಮಾಡದೆ.

ಎದುರು ಬದಿಯ ಸ್ಟುಡಿಯೋದವನಂತೂ ಕ್ಯಾಮರಾ ಸಮೇತ ಬಂದ. ಇಷ್ಟು ವರ್ಷ ಊರವರ ಫೋಟೋಕ್ಕೆಲ್ಲ ಕಟ್ಟು ಹಾಕಿದೆ, ನಿನ್ನದೇ ಒಂದು ಒಳ್ಳೆ ಫೋಟೋ ಇಲ್ಲ, ಮುಖ ಇನ್ನೂ ತುಂಬಿಕೊಂಡಿರುವಾಗಲೇ ತೆಗೆದುಬಿಡೋಣ ಎಂದು ಸ್ಟೂಲಿನ ಮೇಲೆ ಕೂರಿಸಿದ. ಹನ್ನೆರಡಕ್ಕೆ ಹದಿನೈದು ಇಂಚು, ಕಪ್ಪು ಪಟ್ಟಿ ಚೆನ್ನಾಗಿರುತ್ತೆ ಎಂದ. ಫ್ರೇಮಣ್ಣ ತನಗೇ ಗೊತ್ತಿಲ್ಲದಂತೆ, ಕಪ್ಪಲ್ಲ, ಕಂದು ಇರಲಿ, ಅಂಚಿಗೆ ತೆಳ್ಳಗೆ ಬಂಗಾರದ ಗೆರೆ ಎಂದು ಸಲಹೆ ಕೊಟ್ಟ. ಯಾವ ಫೋಟೋದ ಮಾತಾಡುತ್ತಿದ್ದೇವೆ ಎಂದು ಹೊಳೆದಾಗ ಸ್ಟೂಲಿನಿಂದ ಎದ್ದು ಒಳಗೋಡಿದ.

ಅಕ್ಕನ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡೋಣ ಎಂದೇ ಓಡಿದ್ದು. ಆದರೆ ಒಳಗೆ ಅಕ್ಕ ಸೀರೆಗೆ ಪಿನ್ನು ಹಾಕಿಕೊಂಡು ಹೊರಟು ಕೂತಿದ್ದಳು. ಹಳೇ ಇಲಾಖೆಯ ಚರ್ಮದ ಚೀಲ ಹೆಗಲಲ್ಲಿತ್ತು. “ಆಟೋ ಕರಿ. ನಿನ್ನನ್ನ ಎಲ್ಲೋ ಒಂದು ಕಡೆ ದಬ್ಬಿ ಕೂರೋಕೆ ಆಗುತ್ತಾ? ನಾನೇ ನೋಡ್ಬೇಕು” ಎಂದಳು. ಫ್ರೇಮಣ್ಣ ತಪ್ಪೊಪ್ಪಿಗೆಯನ್ನು ಬದಿಗಿಟ್ಟು ಆಟೋ ಕರೆದ. ವರ್ಷದಿಂದ ಅವಳ ಮುಖದಲ್ಲಿ ಇಂಥ ಕಳೆ ಕಂಡಿರಲಿಲ್ಲ. ಅದನ್ನು ಆರಿಸಲು ಅವನಿಗೆ ಮನಸ್ಸಾಗಲಿಲ್ಲ.

ಮೊದಲನೇ ಮನೆಯ ಮುಂಬಾಗಿಲಲ್ಲಿ ಮೀನಿನ ತೊಟ್ಟಿ, ಹೂಕುಂಡ, ಟೈ ಕಟ್ಟಿದ ವ್ಯವಸ್ಥಾಪಕರು. ಅಕ್ಕ ಅತ್ತ ತಿರುಗಿಯೂ ನೋಡದೆ ವಾಕರ್ ತಳ್ಳಿಕೊಂಡು ಹಿಂಬಾಗಿಲಿಗೆ ಹೋಗಿ ಅಡುಗೆಮನೆಯ ಮೂಲಕ ಒಳಹೊಕ್ಕಳು. ಅಂಗಡಿಗಳಿಗೂ ಅವಳು ಹಾಗೆಯೇ ನುಗ್ಗುತ್ತಿದ್ದದ್ದು. ವ್ಯವಸ್ಥಾಪಕರು ಏದುಸಿರು ಬಿಡುತ್ತ ಹಿಂದೆ ಬಂದು, “ಅಮ್ಮಾ, ನಿಮಗೆ ಕೆಳಗಿನ ಕೋಣೆ ಅನುಕೂಲ” ಎಂದರು.

“ನನಗಲ್ಲ, ಇವನಿಗೆ” ಎಂದು ಅಕ್ಕ ತಮ್ಮನ ಕಡೆ ಕೈ ತೋರಿಸಿದಳು.

ವ್ಯವಸ್ಥಾಪಕರು ಒಂದು ಕ್ಷಣ ವಾಕರನ್ನು, ಒಂದು ಕ್ಷಣ ಫ್ರೇಮಣ್ಣನನ್ನು ನೋಡಿದರು. ಅನುಭವಸ್ಥರು, ಸಾವರಿಸಿಕೊಂಡರು. ಫ್ರೇಮಣ್ಣನ ಕಿವಿಯ ಹತ್ತಿರ ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ, ಇವತ್ತು ಯಾವ ವಾರ ಎಂದು ಕೇಳಿದರು. ಮೂವತ್ತೈದು ವರ್ಷಗಳಿಂದ ಯಾರಾದರೂ ವಾರದ ಮಾತೆತ್ತಿದರೆ ಫ್ರೇಮಣ್ಣನಿಗೆ ಒಂದೇ ಉತ್ತರ ಗೊತ್ತು.

“ಗುರುವಾರ ಬನ್ನಿ, ರೆಡಿ ಇರುತ್ತೆ.”

ವ್ಯವಸ್ಥಾಪಕರು ತಮ್ಮ ಕಾಗದದಲ್ಲಿ ತುಂಬ ಹೊತ್ತು ಏನೋ ಬರೆದುಕೊಂಡರು.

ಅಷ್ಟರಲ್ಲಿ ಅಕ್ಕ ದೊಡ್ಡ ಕೋಣೆಯಲ್ಲಿ ಕೂತಿದ್ದ ವೃದ್ಧರ ನಡುವೆ ಒಂದು ಸುತ್ತು ಹಾಕಿ ಬಂದಿದ್ದಳು. ಅವಳು ಗೋಡೆಯ ಬಣ್ಣ ನೋಡಲಿಲ್ಲ, ಟೀವಿ ನೋಡಲಿಲ್ಲ. ನೋಡಿದ್ದು ಕನ್ನಡಕಗಳನ್ನು ಮತ್ತು ಕಾಲಿನ ಉಗುರುಗಳನ್ನು. ಎಂಟು ಜನರಲ್ಲಿ ಆರು ಜನರ ಕನ್ನಡಕ ಎಷ್ಟೋ ದಿನದಿಂದ ಒರೆಸಿದ್ದಲ್ಲ, ಒಬ್ಬರ ಉಗುರು ಚಪ್ಪಲಿಯ ಅಂಚು ದಾಟಿತ್ತು. ಮೀನಿನ ತೊಟ್ಟಿ ಮಾತ್ರ ಫಳಫಳ ಹೊಳೆಯುತ್ತಿತ್ತು. “ಇಲ್ಲಿ ಮೀನಾಗಿ ಹುಟ್ಟಿದ್ರೆ ಒಳ್ಳೇದು” ಎಂದು ವ್ಯವಸ್ಥಾಪಕರಿಗೆ ಕೇಳುವ ಹಾಗೆ ಹೇಳಿ ಹೊರಬಂದಳು.

ಎರಡನೇ ಮನೆಯಲ್ಲಿ ಕನ್ನಡಕ, ಉಗುರು ಎರಡೂ ಪಾಸಾದವು. ಆದರೆ ಅಲ್ಲಿ ಸಹಾಯಕರು ಮಾತ್ರ, ನರ್ಸ್ ಇಲ್ಲ. ಮುಂದೆ ಇವನಿಗೆ ನರ್ಸ್ ಬೇಕಾಗುವ ಹಾಗಾದರೆ ಎಂದು ಅಕ್ಕ ಕೇಳಿದಳು. ಆಗ ಬೇರೆ ಕಡೆ ಸೇರಿಸಬೇಕಾಗುತ್ತೆ ಎಂದರು. ಒಗ್ಗಿದ ಜಾಗ, ಕಂಡ ಮುಖ ಎಲ್ಲ ಬಿಟ್ಟು ಆ ವಯಸ್ಸಿನಲ್ಲಿ ಮತ್ತೆ ಹೊಸದಾಗಿ ಶುರು ಮಾಡಬೇಕೇ ಎಂದು ಅವಳು ಮೆಲ್ಲಗೆ ಕೇಳಿದ್ದಕ್ಕೆ ಅಲ್ಲಿಯವರು ಮತ್ತೊಂದು ಪುಸ್ತಿಕೆ ತೆಗೆದು ಕೊಟ್ಟರು. ಆಟೋದಲ್ಲಿ ವಾಪಸಾಗುವಾಗ ಅಕ್ಕ ತಮ್ಮನ ಮಂಡಿಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಫ್ರೇಮಣ್ಣ ನಾಚಿಕೆಯಿಂದ ಕುಗ್ಗಿಹೋದ. ಅಂಥ ಅಕ್ಕನನ್ನು ಕಳುಹಿಸಲು ಹೊರಟವನು ತಾನು, ತನಗಾಗಿ ಊರೆಲ್ಲ ಸುತ್ತುತ್ತಿರುವವಳು ಅವಳು.

ಮೂರನೇ ಮನೆಗೆ ಎರಡು ದಿನ ಬಿಟ್ಟು ಹೋದರು. ಕಟ್ಟಡ ಹಳೆಯದು, ಬಾಗಿಲ ಬಣ್ಣ ಅಲ್ಲಲ್ಲಿ ಎದ್ದಿತ್ತು. ಆದರೆ ಕೆಳಗೆ ನರ್ಸುಗಳ ವಿಭಾಗ, ಮೇಲೆ ಸಹಾಯಕರ ವಿಭಾಗ, ಎರಡೂ ಒಂದೇ ಸೂರಿನಡಿ ಇದ್ದವು. ಹಿಂಬಾಗಿಲಿಂದ ಹೋದಾಗ ದೊಡ್ಡ ನರ್ಸಮ್ಮ ಯಾರೋ ಅಜ್ಜಿಯ ಕನ್ನಡಕವನ್ನು ತನ್ನ ಏಪ್ರನ್ನಿನ ಅಂಚಿನಿಂದ ಒರೆಸುತ್ತ ನಡೆದು ಬರುತ್ತಿದ್ದಳು. ಕಿಟಕಿಯ ಬಳಿ ಕೂತಿದ್ದ ನಿವೃತ್ತ ಬಸ್ ಕಂಡಕ್ಟರೊಬ್ಬರು ಅಕ್ಕನನ್ನು ಕರೆದು, ಇಲ್ಲಿ ಚಹಾ ತಣ್ಣಗಿರುತ್ತೆ, ಪೇಪರು ತಡವಾಗಿ ಬರುತ್ತೆ ಎಂದು ನರ್ಸಮ್ಮನ ಎದುರಿಗೇ ದೂರುಗಳನ್ನು ಬಿಚ್ಚಿದರು. ನರ್ಸಮ್ಮ ನಗುತ್ತ, ಇನ್ನೂ ಎರಡು ಬಿಟ್ಟಿರಲ್ಲ ಎಂದು ನೆನಪಿಸಿದಳು. ಹೆದರಿಕೆಯಿಲ್ಲದೆ ಬೈಯುವ ಜಾಗ ಎಂದು ಅಕ್ಕ ಆ ಪುಸ್ತಿಕೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಳು. ಒಂದು ತಿಂಗಳು ಇದ್ದು ನೋಡಿ ಒಗ್ಗದಿದ್ದರೆ ವಾಪಸ್ ಹೋಗಬಹುದೇ, ಸ್ವಂತ ಕುರ್ಚಿ ತರಬಹುದೇ, ಮನೆಯವರು ಹೊತ್ತುಗೊತ್ತಿಲ್ಲದೆ ಬಂದರೆ ಬಿಡುತ್ತೀರಾ ಎಂದು ಕೇಳಿದಳು. ಎಲ್ಲಕ್ಕೂ ಹೌದು ಎಂಬ ಉತ್ತರ ಬಂತು. ಹಾಗಾದರೆ ಬಂದು ಇವನನ್ನು ಪರೀಕ್ಷೆ ಮಾಡಿ ಎಂದಳು.

ಸುಳ್ಳಿಗೆ ಮೂರು ವಾರ ತುಂಬಿದ ಸೋಮವಾರ ನರ್ಸಮ್ಮ ಫಾರಂ ಹಿಡಿದು ಬಂದಳು. ಮೇಲ್ಮನೆಯಾಕೆ ಚಹಾ ಕೊಡುವ ನೆಪದಲ್ಲಿ ಒಳಗೇ ಉಳಿದಳು. ಸ್ಟುಡಿಯೋದವನು ಪರದೆಯ ಆಚೆ ಕಿವಿಯಾಗಿ ನಿಂತ. ಫ್ರೇಮಣ್ಣ ಸ್ಟೂಲಿನ ಮೇಲೆ, ಅಕ್ಕ ತನ್ನ ಕುರ್ಚಿಯಲ್ಲಿ. ಪ್ರಶ್ನೆ ಅವನಿಗೆ, ಉತ್ತರ ಅವಳದು. ಸ್ನಾನ ತಾನೇ ಮಾಡುತ್ತಾನೆ, ಟವೆಲ್ ಮರೆತು ಕೂಗುತ್ತಾನೆ. ಬಟ್ಟೆ ತಾನೇ ಹಾಕುತ್ತಾನೆ, ಸ್ವೆಟರ್ ಹಿಂದುಮುಂದಾಗಿರುತ್ತೆ. ನಡೆಯುತ್ತಾನೆ, ಎಲ್ಲಿಗೆ ಎಂದು ಗೊತ್ತಿರುವುದಿಲ್ಲ. ನರ್ಸಮ್ಮ ನಗು ತಡೆದುಕೊಂಡು ಗುರುತು ಹಾಕುತ್ತ ಹೋದಳು.

“ರಾತ್ರಿ ನಿದ್ದೆ ಸರಿಯಾಗಿ ಮಾಡ್ತಾರಾ?”

ಇಲ್ಲಿ ಅಕ್ಕ ತಮ್ಮನ ಕಡೆ ತಿರುಗಿದಳು. “ಇಲ್ಲ. ಒಂದು ವರ್ಷದಿಂದ ಇಲ್ಲ.”

“ಯಾಕೆ?”

“ನಾಲ್ಕು ಸಲ ಎದ್ದೇಳ್ತಾನೆ.”

“ಯಾಕೆ ಏಳ್ತಾರೆ?”

“ನಾನು ಎಬ್ಬಿಸ್ತೀನಿ.”

ನರ್ಸಮ್ಮ ಪೆನ್ನು ಕೆಳಗಿಟ್ಟು, ಅಕ್ಕನ ಹಿಮ್ಮಡಿಯ ಬಟ್ಟೆಯನ್ನು, ಕಪಾಟಿನ ಮೇಲಿದ್ದ ಸೂಜಿಯ ಡಬ್ಬಿಯನ್ನು, ಕೊನೆಗೆ ಸ್ಟೂಲಿನ ಮೇಲೆ ಮುಖ ತಗ್ಗಿಸಿ ಕೂತಿದ್ದವನನ್ನು ನೋಡಿದಳು. “ಅರ್ಜಿ ಯಾರ ಹೆಸರಲ್ಲಿ ಬರೀಲಿ?” ಎಂದು ಮೆತ್ತಗೆ ಕೇಳಿದಳು.

ಅಕ್ಕನೇ ಹೇಳಿದಳು.

“ನನ್ನ ಹೆಸರು ಬರೀಮ್ಮ.”

ಫ್ರೇಮಣ್ಣ ಕಣ್ಣುಕಣ್ಣು ಬಿಟ್ಟ. ಡಾಕ್ಟರು ಅವನಿಗೆ ಹೇಳುವ ಮುಂಚೆಯೇ ಅಕ್ಕನಿಗೆ ಹೇಳಿದ್ದರಂತೆ. ತಮ್ಮ ಬಾಯಿಬಿಟ್ಟು ಹೇಳಲಿ ಎಂದು ಅವಳು ಕಾದಿದ್ದಳು, ಅವನು ಹೇಳುವ ಬದಲು ತಾನೇ ಹಾಸಿಗೆ ಹಿಡಿದವನಾಗಿ ನಿಂತುಬಿಟ್ಟಿದ್ದ. ಹಾಗಿದ್ದರೆ ಮೂರು ವಾರ ಈ ನಾಟಕ ಯಾಕೆ, ಊರೆಲ್ಲ ಯಾಕೆ ಸುತ್ತಿದ್ದು ಎಂದು ಮೇಲ್ಮನೆಯಾಕೆ ತಡೆಯಲಾರದೆ ಕೇಳಿಯೇಬಿಟ್ಟಳು.

“ನನಗೆ ಅಂತ ಹುಡುಕಿದ್ರೆ ಮೊದಲನೇ ಬಾಗಿಲಲ್ಲೇ ಸಾಕು ಅಂತಿದ್ದೆ. ಯಾವುದಾದ್ರೇನು, ಎಷ್ಟು ದಿನ ಅಂತ” ಎಂದಳು ಅಕ್ಕ. “ಇವನಿಗೆ ಅಂದ್ಕೊಂಡೆ ನೋಡು, ಆಗ ಯಾವುದೂ ಸಾಲದು ಅನ್ನಿಸ್ತು.”

ಪರದೆಯ ಆಚೆ ಸ್ಟುಡಿಯೋದವನು ಮೂಗೆಳೆದದ್ದು ಒಳಗಿನವರಿಗೆಲ್ಲ ಕೇಳಿಸಿತು.

ಹಿಮ್ಮಡಿಯ ಗಾಯ, ಎರಡು ಇಂಜೆಕ್ಷನ್, ಎರಡು ಸಲ ಬಿದ್ದದ್ದು ಎಲ್ಲ ನೋಡಿ ನರ್ಸಮ್ಮ, ಸದ್ಯಕ್ಕೆ ಕೆಳಗಿನ ನರ್ಸುಗಳ ವಿಭಾಗವೇ ಸರಿ, ಗಾಯ ಮಾಯ್ದು ಗಟ್ಟಿಯಾದರೆ ಮೇಲಿನ ವಿಭಾಗಕ್ಕೆ ಹೋಗಬಹುದು ಎಂದಳು. ಅಕ್ಕ ವಾದ ಮಾಡಲಿಲ್ಲ, ಅಳತೆ ಸರಿಯಾಗಿದೆ ಎಂದು ಸಹಿ ಹಾಕಿದಳು. ಆಗ ಫ್ರೇಮಣ್ಣನಿಗೆ ಮಾತು ಬಂತು. ಇಷ್ಟು ದಿನ ಹೇಳಬೇಕಾಗಿದ್ದ ಮಾತೇ ಬೇರೆ, ಬಾಯಿಂದ ಬಂದ ಮಾತೇ ಬೇರೆ.

“ನೀನು ಹೋದ್ರೆ ನಾನೇನು ಮಾಡ್ಲಿ, ಅಕ್ಕ?”

“ನಿದ್ದೆ ಮಾಡು ಕಣೋ” ಎಂದಳು ಅಕ್ಕ.

ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಅಕ್ಕನ ಮಾತಿನಂತೆಯೇ ಮಾಡಿದ. ಅಕ್ಕನ ಕುರ್ಚಿಯನ್ನು ಮೂರನೇ ಮನೆಗೆ ಸಾಗಿಸಿ ಅವಳ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಇಟ್ಟ. ಸೀರೆಗಳನ್ನು ಕಪಾಟಿನಲ್ಲಿ ಜೋಡಿಸಿದ. ಇಂಜೆಕ್ಷನ್ ಕೊಡುವಾಗ ಅಕ್ಕ ಯಾವ ಕಡೆ ತಿರುಗಿ ಕೂರುತ್ತಾಳೆ ಎಂದು ನರ್ಸುಗಳಿಗೆಲ್ಲ ವಿವರಿಸಿದ. ಮನೆಗೆ ಬಂದು ಮಲಗಿದರೆ, ಯಾರೂ ಕರೆಯದಿದ್ದರೂ ನಾಲ್ಕು ಸಲ ಎಚ್ಚರವಾಯಿತು. ಎದ್ದು ಹೋಗಿ ಖಾಲಿ ಮಂಚ ನೋಡಿ ಬರುವುದೇ ಆಯಿತು. ಮೊದಲ ವಾರ ಹೀಗೆಯೇ ಕಳೆಯಿತು. ಬೀದಿಯವರು ಅವನ ಕೆಂಪುಗಣ್ಣು ನೋಡಿ, ಗೆಡ್ಡೆಯ ಸುದ್ದಿಯನ್ನು ಪೂರ್ತಿ ಕೈಬಿಡದೆ ಪಕ್ಕಕ್ಕಿಟ್ಟುಕೊಂಡರು.

ಎಂಟನೇ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದವನು ಅಕ್ಕನ ಎದುರು ಅವಳದೇ ಕುರ್ಚಿಯಲ್ಲಿ ಕೂತ. ಅಕ್ಕ ಮಂಚದ ಮೇಲೆ ದಿಂಬಿಗೊರಗಿ, ಕಂಡಕ್ಟರರ ಇವತ್ತಿನ ದೂರುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಮೂರನೆಯ ದೂರಿನ ಹೊತ್ತಿಗೆ ಅವನ ಹೂಂಗುಟ್ಟುವಿಕೆ ನಿಂತಿತು. ಬಾಯಿ ಅರ್ಧ ತೆರೆದುಕೊಂಡಿತ್ತು, ತಲೆ ಒಂದು ಪಕ್ಕಕ್ಕೆ ವಾಲಿತ್ತು.

ಅಂದು ತಾನೇ ಕೆಲಸಕ್ಕೆ ಸೇರಿದ್ದ ಸಹಾಯಕಿಯೊಬ್ಬಳು ಒಳಗೆ ಬಂದು, ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದವನನ್ನು ನೋಡಿ, ಕೈಯಲ್ಲಿದ್ದ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಈ ಕೋಣೆಗೆ ಒಬ್ಬರ ಹೆಸರಷ್ಟೇ ಇದೆಯಲ್ಲಮ್ಮ, ಇವರು ಯಾವಾಗ ಸೇರಿದ್ದು ಎಂದು ಕೇಳಿದಳು.

ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ತನ್ನ ಬೆನ್ನಿನ ಹಿಂದಿದ್ದ ದಿಂಬನ್ನು ಎಳೆದು ಅವಳ ಕೈಗೆ ಕೊಟ್ಟಳು.

“ಮೆಲ್ಲಗೆ ಅವನ ಕತ್ತಿನ ಕೆಳಗಿಡಮ್ಮ. ಎಬ್ಬಿಸಬೇಡ” ಎಂದಳು.